ಹಸಿರು ಟೋಪಿಯವರ ಮಣ್ಣು

ಮೊಟ್ಟೆಯ ಟ್ರೇಯಲ್ಲಿ ಆರು ಮಣ್ಣಿನ ಉಂಡೆಗಳನ್ನಿಟ್ಟುಕೊಂಡು ಆ ಮುದುಕರು ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಬೆಳಿಗ್ಗೆ ಹತ್ತೂವರೆ. ಉಂಡೆಗಳ ಮೇಲೆ ತೆಳುವಾಗಿ ಹತ್ತಿ ಹೊದಿಸಿದ್ದರು. ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಬಂದರಂತೆ. ಕೂತರೆ ಟ್ರೇ ಹೆಚ್ಚು ಕುಲುಕುತ್ತದೆ ಎಂದರು.

"ತಾತಾ, ಇದು ಯಾವ ಕೋಳಿ ಇಟ್ಟಿದ್ದು?" ಎಂದಳು ರೇಡಿಯೋ. ಸೀಸೆ ತೊಳೆಯುವುದು, ಮಣ್ಣು ಜರಡಿ ಹಿಡಿಯುವುದು ಅವಳ ಕೆಲಸ. ಬೆಳಿಗ್ಗೆ ಬಂದವಳು ಸಂಜೆ ಹೋಗುವವರೆಗೂ ಮಾತಾಡುತ್ತಾಳೆಂದು ಆ ಹೆಸರು.

"ಈ ಕೋಳೀನೇ," ಎಂದು ಮುದುಕರು ಎದೆ ಮುಟ್ಟಿಕೊಂಡರು. "ಇಪ್ಪತ್ತಾರು ವರ್ಷದಿಂದ ಇಡ್ತಾ ಇದೆ."

ಅವರು ಊರಿನ ಕ್ರಿಕೆಟ್ ಮೈದಾನವನ್ನು ನೋಡಿಕೊಳ್ಳುವವರು. ಹಸಿರು ಟೋಪಿ ತಂಡದ ಮೈದಾನ ಅದು. ಪಿಚ್ಚಿನ ಮಣ್ಣಿನ ಬಲ ನೋಡಲು ಒಂದು ಹಳೆಯ ಪದ್ಧತಿ ಇದೆ. ಮಣ್ಣನ್ನು ನಾದಿ, ನಿಂಬೆಹಣ್ಣಿಗಿಂತ ಚಿಕ್ಕದಾದ ಉಂಡೆ ಕಟ್ಟಿ, ನೆರಳಿನಲ್ಲಿ ನಾಲ್ಕು ದಿನ ಒಣಗಿಸಿ, ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಒತ್ತುತ್ತೇವೆ. ಎಷ್ಟು ಕಿಲೋ ಭಾರಕ್ಕೆ ಒಡೆಯುತ್ತದೋ ಅದೇ ಅದರ ಬಲ. ಐವತ್ತಕ್ಕಿಂತ ಕಡಿಮೆ ಬಂದರೆ ಅಲ್ಲಿ ದೊಡ್ಡ ಪಂದ್ಯ ಆಡಿಸುವ ಹಾಗಿಲ್ಲ. ಪಿಚ್ಚನ್ನು ಅಗೆದು ತೆಗೆದು ಹೊಸದಾಗಿ ಹಾಕಬೇಕು, ಎರಡು ವರ್ಷ ಮೈದಾನ ಮುಚ್ಚಬೇಕು. ಕಳೆದ ಪಂದ್ಯದಲ್ಲಿ ಅಲ್ಲಿ ಒಂದು ಚೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಹೊರಗಿನ ತಂಡದ ಬ್ಯಾಟ್ಸ್‌ಮನ್ ಒಬ್ಬನ ದವಡೆ ಮುರಿದಿತ್ತು. ಹಾಗಾಗಿ ಕ್ರಿಕೆಟ್ ಮಂಡಳಿಯವರು ವರದಿ ಕೇಳಿದ್ದರು. ಸಹಿ ಹಾಕಬೇಕಾದವಳು ನಾನು.

ವರದಿಯ ನಮೂನೆಯ ಕಾಗದದ ಮೇಲೆ ತಂಡದ ಹೆಸರು ಓದಿದೆ. ನನ್ನೊಳಗೆ ಏನಾದರೂ ಆಗುತ್ತದೆಂದು ಸ್ವಲ್ಪ ಹೊತ್ತು ಕಾದೆ. ಆಗಲಿಲ್ಲ.

ಆಗಬೇಕಿತ್ತು. ಒಂಬತ್ತು ವರ್ಷದವಳಾಗಿದ್ದಾಗ ನಾನು ಹಸಿರು ಟೋಪಿ ಹಾಕಿಕೊಂಡೇ ಮಲಗುತ್ತಿದ್ದೆ. ಬೆವರಿಗೆ ಅದರ ಬಣ್ಣ ಬಿಟ್ಟು ಹಣೆ ಹಸಿರಾಗಿ, ಟೀಚರು ಗಾಬರಿಯಿಂದ ಮನೆಗೆ ಕಳಿಸಿದ್ದರು. ಗುಡುಗಿದರೆ ಹನ್ನೊಂದು ಜನರ ಹೆಸರನ್ನು ಆಡುವ ಕ್ರಮದಲ್ಲೇ ಹೇಳಿಕೊಳ್ಳುತ್ತಿದ್ದೆ. ಕೊನೆಯ ಜೋಡಿ ಆಡುತ್ತಿದ್ದರೆ ಮನೆಯ ಮೂರನೇ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಮಂಡಿ ಮಡಚುತ್ತಿರಲಿಲ್ಲ. ಮಡಚಿದರೆ ವಿಕೆಟ್ ಬೀಳುತ್ತದೆ. ಅಮ್ಮ ನನ್ನ ಕಾಲು ದಾಟಿಕೊಂಡು ಬಟ್ಟೆಯ ಬುಟ್ಟಿ ಹೊತ್ತು ಹತ್ತುತ್ತಿದ್ದಳು. "ಅವರು ಗೆದ್ದರೆ ನಿನಗೇನು ಕೋಡು ಬರುತ್ತಾ?" ಎನ್ನುತ್ತಿದ್ದಳು. ಅಣ್ಣ ಮಾತ್ರ ನಗುತ್ತಿರಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನು, ನನ್ನಷ್ಟೇ ಹುಚ್ಚ. ನನಗೆ 'ಹನ್ನೆರಡನೆಯವಳು' ಎಂದು ಹೆಸರಿಟ್ಟಿದ್ದ.

ಹದಿನಾಲ್ಕು ತಿಂಗಳ ಹಿಂದೆ ನನ್ನ ಗಂಡ ತೀರಿಕೊಂಡರು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದವರು. ಮೂವತ್ತನಾಲ್ಕು ವಯಸ್ಸು, ನಾಲ್ಕು ದಿನದ ಜ್ವರ. ಆ ಮಧ್ಯಾಹ್ನ ಆಸ್ಪತ್ರೆಯ ಕಾಯುವ ಕೋಣೆಯ ಟಿವಿಯಲ್ಲಿ ಹಸಿರು ಟೋಪಿಯ ಫೈನಲ್ ನಡೆಯುತ್ತಿತ್ತು. ಇಡೀ ಕೋಣೆ ಹೋ ಎಂದು ಎದ್ದು ನಿಂತಿತು. ಅದೇ ಹೊತ್ತಿಗೆ ಒಳಗಿನ ಬಾಗಿಲು ತೆರೆದು ಡಾಕ್ಟರು ನನ್ನನ್ನು ಹುಡುಕಿದರು.

ಯಾರು ಗೆದ್ದರೆಂದು ನಾನು ಕೇಳಲಿಲ್ಲ. ಆಮೇಲೆ ಒಂದು ಪಂದ್ಯವನ್ನೂ ನೋಡಲಿಲ್ಲ. ಒಂದೇ ಏಟಿಗೆ ಎಲ್ಲವೂ ಹೋಯಿತು, ಇನ್ನು ಯಾವುದಕ್ಕೂ ಮನಸ್ಸು ಏಳುವುದಿಲ್ಲ ಎಂದುಕೊಂಡಿದ್ದೆ. ಆ ಬೆಳಿಗ್ಗೆ ನಮೂನೆ ಓದಿ ಸುಮ್ಮನೆ ಕೂತಾಗ ಅದು ಖಚಿತವಾಯಿತು. ಅದೊಂದೇ ನನಗೆ ಭಯದ ವಿಷಯವಾಗಿತ್ತು.

ಉಂಡೆಗಳನ್ನು ಒಂದೊಂದಾಗಿ ಯಂತ್ರದಲ್ಲಿ ಒತ್ತಿದೆ. ಎಪ್ಪತ್ತೊಂದು, ಅರವತ್ತೆಂಟು, ಎಪ್ಪತ್ತಮೂರು. ಆರಕ್ಕೆ ಆರೂ ಹಾಗೇ. ಒಡೆಯುವಾಗ ಕಲ್ಲು ಸೀಳಿದಂಥ ಸದ್ದು.

"ಒಳ್ಳೆ ಮಣ್ಣು," ಎಂದರು ತಾತ. ನಮೂನೆಯಲ್ಲಿ ಕೇಳಿದ್ದಕ್ಕೆಂದು ಒಂದು ಚೀಲ ಪುಡಿ ಮಣ್ಣನ್ನೂ ತಂದಿದ್ದರು. ಅದನ್ನು ಮೂಲೆಯಲ್ಲಿಟ್ಟು ಹೋದರು.

ಮೈದಾನದವರು ಕಟ್ಟಿದ ಉಂಡೆಯನ್ನಾಗಲಿ ಪ್ರಯೋಗಾಲಯದಲ್ಲಿ ಕಟ್ಟಿದ್ದನ್ನಾಗಲಿ ಲೆಕ್ಕಕ್ಕೆ ಹಿಡಿಯಬಹುದು ಎಂದು ನಿಯಮವಿದೆ. ಆದರೂ ನಾನು ಎರಡನ್ನೂ ನೋಡುತ್ತೇನೆ. ಚೀಲದ ಮಣ್ಣು ತೆಗೆದು ಆರು ಉಂಡೆ ಕಟ್ಟಿದೆ. ನಾಲ್ಕು ದಿನದ ಮೇಲೆ ಒತ್ತಿದರೆ ಮೂವತ್ತೊಂದು, ಮೂವತ್ತನಾಲ್ಕು, ಮೂವತ್ತು.

ನನ್ನದೇ ತಪ್ಪಿರಬೇಕೆಂದು ಮತ್ತೆ ಕಟ್ಟಿದೆ. ರೇಡಿಯೋ ಕೈಯಲ್ಲೂ ಕಟ್ಟಿಸಿದೆ. ಅವಳದು ಇಪ್ಪತ್ತೊಂಬತ್ತು. "ನಾನು ಮಾಡಿದ್ದು ಯಾವುದು ತಾನೇ ಗಟ್ಟಿ ನಿಂತಿದೆ ಅಕ್ಕಾ," ಎಂದಳು. ತಾತನ ಒಡೆದ ಉಂಡೆಗಳ ಚೂರನ್ನೂ ಚೀಲದ ಮಣ್ಣನ್ನೂ ಬೇರೆ ಬೇರೆ ಸೀಸೆಯಲ್ಲಿ ಕದಡಿ ತಳ ಹಿಡಿಯಲು ಬಿಟ್ಟೆ. ಜೇಡಿ ಅಷ್ಟೇ, ಮರಳು ಅಷ್ಟೇ. ಎರಡೂ ಒಂದೇ ಮಣ್ಣು.

ಸಂಜೆ ಅಣ್ಣ ಫೋನ್ ಮಾಡಿದ. ಅವನದು ಬೀಗ ರಿಪೇರಿಯ ಅಂಗಡಿ. ಕದ ಹಾಕುವ ಮುಂಚೆ ದಿನವೂ ಒಮ್ಮೆ ನನ್ನ ಊಟ ವಿಚಾರಿಸುತ್ತಾನೆ.

"ಏನಮ್ಮಾ ಹನ್ನೆರಡನೆಯವಳೇ, ನಮ್ಮ ಮೈದಾನ ನಿನ್ನ ಕೈಲಿದೆಯಂತೆ?"

"ಮಣ್ಣು ನನ್ನ ಕೈಲಿದೆ."

"ಎರಡೂ ಒಂದೇ ತಾನೇ! ಹೇಗಿದೆ ಮತ್ತೆ?"

ಹೇಳಿದೆ.

"ನೋಡು, ತಾತ ಕಟ್ಟಿದ್ದು ಎಪ್ಪತ್ತು ಬಂತಲ್ಲ. ನಿಯಮಾನೂ ಒಪ್ಪುತ್ತೆ ಅಂತೀಯ. ಅದನ್ನೇ ಬರೆದು ಕೊಟ್ಟು ಕೈ ತೊಳ್ಕೊ. ಇಲ್ಲದ ಉಸಾಬರಿ ಯಾಕೆ ನಿನಗೆ?"

"ಯಾಕೆ ಹಾಗೆ ಬಂತು ಅಂತ ಗೊತ್ತಾಗ್ಬೇಕಲ್ಲ."

"ಗೊತ್ತಾಗಿ ಏನಾಗ್ಬೇಕು? ಊಟ ಮಾಡು ಮೊದಲು."

ಮರುದಿನ ತಾತನಿಗೆ ಹೇಳಿ ಕಳಿಸಿದೆ. ನೀವಿಟ್ಟು ಹೋದ ಚೀಲದ ಮಣ್ಣಿನಿಂದಲೇ, ನಮ್ಮ ಮೇಜಿನ ಮೇಲೇ, ಒಂದು ಉಂಡೆ ಕಟ್ಟಿಕೊಡಿ ಎಂದಷ್ಟೇ ಕೇಳಿದೆ. ಕಾರಣ ಹೇಳಲಿಲ್ಲ.

ಅವರು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ನೀರನ್ನು ಅಳೆಯಲಿಲ್ಲ; ಬೆರಳ ತುದಿಯಿಂದ ಹನಿಸಿದರು. ಅಂಗೈಯ ಬುಡದಿಂದ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿದರು. ಐದು ನಿಮಿಷ ನಾದಿದರೆ ಸಾಕೆಂದು ನಮ್ಮ ಪುಸ್ತಕ ಹೇಳುತ್ತದೆ. ಹತ್ತಾಯಿತು, ಇಪ್ಪತ್ತಾಯಿತು. ನಡುನಡುವೆ ಮುದ್ದೆಯನ್ನು ಕಿವಿಯ ಹತ್ತಿರ ಹಿಡಿದು ಹಿಸುಕುತ್ತಿದ್ದರು.

"ಏನು ಕೇಳ್ತಾ ಇದೀರಿ?" ಎಂದೆ.

"ಒಳಗೆ ಗಾಳಿ ಇದ್ರೆ ಚಿಟ್ ಅನ್ನುತ್ತಮ್ಮಾ. ಅದು ಸುಮ್ಮನಾಗೋವರೆಗೂ ಬಿಡಬಾರದು."

"ಎಷ್ಟು ಹೊತ್ತು?"

"ಅದನ್ನ ಅದೇ ಹೇಳುತ್ತೆ."

ರೇಡಿಯೋ ಬಂದ್ ಆಗಿತ್ತು. ನಲ್ಲಿಯ ಕೆಳಗೆ ಸೀಸೆ ಹಿಡಿದವಳು ಹಾಗೇ ನಿಂತುಬಿಟ್ಟಿದ್ದಳು. ಮೂವತ್ತೈದನೆಯ ನಿಮಿಷಕ್ಕೆ ತಾತ ಮುದ್ದೆಯನ್ನು ಎರಡೂ ಅಂಗೈಗಳ ನಡುವೆ ಉರುಳಿಸತೊಡಗಿದರು. ಮಣ್ಣು ಮಣ್ಣಿನಂತೆ ಕಾಣುವುದು ನಿಂತುಹೋಯಿತು. ಕಿಟಕಿಯ ಬೆಳಕು ಅದರ ಮೇಲೆ ಒಂದು ಚುಕ್ಕೆಯಾಗಿ ಕೂತಿತು. ಎಂಟು ವರ್ಷದಿಂದ ಮಣ್ಣು ನೋಡುತ್ತಿದ್ದೇನೆ. ಅದು ಹೀಗೆ ಮಾತು ಕೇಳುವುದನ್ನು ನೋಡಿರಲಿಲ್ಲ.

ನಾಲ್ಕು ದಿನದ ಮೇಲೆ ಅವರು ಫಲಿತಾಂಶಕ್ಕೆ ಬಂದರು. ಯಂತ್ರದ ಹತ್ತಿರ ಹೋದೆ.

"ತಡೀರಿ," ಎಂದರು. "ಮೊದಲು ನಮ್ಮ ಪದ್ಧತೀಲಿ ನೋಡೋಣ. ನೀವು ಎಷ್ಟು ತೂಕ?"

"ನಲವತ್ತಾರು."

"ನಮ್ಮ ಅಕ್ಕ ಗಾಳಿ ಕುಡ್ಕೊಂಡು ಬದುಕ್ತಾರೆ," ಎಂದಳು ರೇಡಿಯೋ.

ನೆಲದ ಮೇಲೆ ಒಂದು ಉಕ್ಕಿನ ತಟ್ಟೆ ಇಟ್ಟರು. ಅದರ ನಡುವೆ ಉಂಡೆ, ಮೇಲೊಂದು ತಟ್ಟೆ. ಚಪ್ಪಲಿ ಬಿಟ್ಟು, ಒಂದು ಕೈ ಮೇಜಿನ ಮೇಲೆ, ಇನ್ನೊಂದು ರೇಡಿಯೋಳ ಹೆಗಲ ಮೇಲೆ ಇಟ್ಟು ಬಲಗಾಲನ್ನು ತಟ್ಟೆಯ ಮೇಲೆ ಊರಿದೆ. ಎಡಗಾಲನ್ನು ಎತ್ತಿದೆ.

"ಕೈ ಬಿಡಿ," ಎಂದರು ತಾತ.

"ಬಿದ್ದುಬಿಡ್ತೀನಿ."

"ಬೀಳಲ್ಲ. ಅದು ಹಿಡ್ಕೊಂಡಿದೆ. ಬಿಡಿ."

ಬಿಟ್ಟೆ. ನನ್ನ ಇಡೀ ಭಾರ ಒಂದು ಹಿಡಿ ಮಣ್ಣಿನ ಮೇಲಿತ್ತು. ಏನೂ ಆಗಲಿಲ್ಲ. ಏನೂ ಆಗದಿರುವುದು ಅಷ್ಟು ದೊಡ್ಡ ಸಂಗತಿಯೆಂದು ನನಗೆ ಗೊತ್ತಿರಲಿಲ್ಲ. ಅಂಗಾಲಿನಿಂದ ಮೇಲಕ್ಕೆ, ಬೆನ್ನಿನುದ್ದಕ್ಕೂ ಮೈ ಜುಮ್ಮೆಂದಿತು. ಎಷ್ಟೋ ದಿನಗಳಾಗಿದ್ದವು ನನ್ನ ಮೈ ನನಗೆ ತಿಳಿದು. ಇಳಿಯಲು ಮನಸ್ಸಾಗಲಿಲ್ಲ. ಯಾರೂ ಇಳಿ ಎನ್ನಲಿಲ್ಲ.

ಆಮೇಲೆ ನಾನು ಕಟ್ಟಿದ ಉಂಡೆಯನ್ನು ಅದೇ ತಟ್ಟೆಗಳ ನಡುವೆ ಇಟ್ಟೆ. ಎಡಗಾಲು ನೆಲ ಬಿಡುವ ಮುಂಚೆಯೇ ಅದು ರಸ್ಕಿನ ಹಾಗೆ ಪುಡಿಯಾಯಿತು.

"ಅದು ಬೇರೆ ಮಣ್ಣು," ಎಂದರು ತಾತ.

"ಅದೇ ಮಣ್ಣು ತಾತ. ಅದೇ ಚೀಲದ್ದು."

ಅವರು ಬಗ್ಗಿ ಪುಡಿಯನ್ನು ಬೆರಳಿನಲ್ಲಿ ತಿಕ್ಕಿದರು, ಮೂಸಿದರು. ತಮ್ಮದೇ ಎಂದು ಗುರುತು ಸಿಕ್ಕಿದ್ದು ಮುಖದ ಮೇಲೆ ಕಂಡಿತು. ಸ್ಟೂಲನ್ನು ಎಳೆದುಕೊಂಡು ಕೂತರು.

ಸೀಸೆಗಳನ್ನು ತೋರಿಸಿದೆ, ಅಂಕಿಗಳನ್ನು ಓದಿದೆ. "ಮಣ್ಣಿನಲ್ಲಿ ಬಲ ಇಲ್ಲ ತಾತ. ಬಲ ಇರೋದು ನಿಮ್ಮ ಕೈಯಲ್ಲಿ," ಎಂದೆ.

"ಡಾಕ್ಟರಿಗೆ ಕೈಗುಣ ಅಂತಾರೆ, ಅಡುಗೆಯೋರಿಗೆ ಅಂತಾರೆ," ಎಂದಳು ರೇಡಿಯೋ ಮೆಲ್ಲಗೆ. "ಮಣ್ಣಿಗೂ ಇರುತ್ತಾ!"

ತಾತ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಹೊಗಳಿದ ಹಾಗೆ ಅನ್ನಿಸಿರಲಿಲ್ಲ ಅವರಿಗೆ. ಮೊದಮೊದಲು ಹಳೆಯ ಕೆರೆಯ ಮಣ್ಣು ತರುತ್ತಿದ್ದರಂತೆ. ಅದು ಮುಗಿದ ಮೇಲೆ ಬೇರೆ ಕಡೆಯದು, ಆಮೇಲೆ ಇನ್ನೊಂದು ಕಡೆಯದು. ಪ್ರತಿ ವರ್ಷ ಉಂಡೆ ಕಟ್ಟಿ, ನಿಂತು ನೋಡಿ, ಗಟ್ಟಿಯಾಗಿದೆ ಎಂದು ಪಿಚ್ಚಿಗೆ ಹರಡುತ್ತಿದ್ದರು. ಮಣ್ಣು ವರ್ಷ ವರ್ಷಕ್ಕೆ ಇಳಿಯುತ್ತ ಹೋಗಿತ್ತು, ಕೈ ಏರುತ್ತ ಹೋಗಿತ್ತು. ಪಿಚ್ಚನ್ನು ಮಾತ್ರ ಕೈಯಿಂದ ನಾದಲಾಗುವುದಿಲ್ಲ. ಅದರ ಮೇಲೆ ಓಡುವುದು ರೋಲರು.

"ಹಾಗಾದ್ರೆ ನಾನು ಮಣ್ಣನ್ನ ಪರೀಕ್ಷೆ ಮಾಡ್ಲೇ ಇಲ್ಲ," ಎಂದರು. "ಇಷ್ಟು ವರ್ಷ ನನ್ನನ್ನೇ ಮಾಡ್ಕೊಂಡೆ. ನನಗೇ ಪಾಸ್ ಕೊಟ್ಕೊಂಡೆ."

ನಾನು ನಮೂನೆಯನ್ನು ಮುಂದಿಟ್ಟೆ. "ನಿಯಮದಲ್ಲಿ ಎರಡಕ್ಕೂ ಜಾಗ ಇದೆ. ಎಪ್ಪತ್ತು ಅಂತ ಬರೆದರೂ ಸುಳ್ಳಾಗಲ್ಲ." ಹೇಳುತ್ತ ನನ್ನೊಳಗೆ ಆ ಹಸಿರು ಹಣೆಯ ಹುಡುಗಿಯನ್ನು ಹುಡುಕಿದೆ. ಎಪ್ಪತ್ತು ಬರಿ, ಎಪ್ಪತ್ತು ಬರಿ ಎಂದು ಅವಳು ಕಾಲು ಹಿಡಿಯಬೇಕಿತ್ತು. ಅವಳು ಅಲ್ಲಿರಲಿಲ್ಲ.

"ಆ ಬ್ಯಾಟ್ಸ್‌ಮನ್ನನ್ನ ನೋಡೋಕೆ ಹೋಗಿದ್ದೆ," ಎಂದರು ತಾತ. "ದವಡೆಗೆ ತಂತಿ ಕಟ್ಟಿದ್ರು. ಕೊಳವೇಲಿ ಹಾಲು ಕುಡೀತಿದ್ದ. 'ಪಿಚ್ ಚೆನ್ನಾಗಿತ್ತು, ತಪ್ಪು ನಂದೇ' ಅಂತ ಚೀಟೀಲಿ ಬರೆದು ತೋರಿಸ್ದ. ನಾನು ಅದನ್ನ ನಂಬಿಬಿಟ್ಟೆ ನೋಡಿ." ಮೂಗು ಒರೆಸಿಕೊಂಡರು. "ಏನು ಬಂತೋ ಅದನ್ನೇ ಬರೀರಮ್ಮಾ."

ಮೂವತ್ತೆರಡು ಎಂದು ಬರೆದೆ. ನನ್ನ ಸಹಿಯ ಕೆಳಗೆ ಮೈದಾನದವರ ಸಹಿಗೂ ಜಾಗವಿತ್ತು. ಅವರು ನಲ್ಲಿಗೆ ಹೋಗಿ ಕೈ ತೊಳೆದು, ಅಂಗಿಗೆ ಒರೆಸಿಕೊಂಡು ಬಂದು ಸಹಿ ಹಾಕಿದರು.

ವಾರದೊಳಗೆ ಮೈದಾನ ಮುಚ್ಚಿತು. ಹಸಿರು ಟೋಪಿಯವರು ಎರಡು ವರ್ಷ ಊರಿನಲ್ಲಿ ಆಡುವಂತಿಲ್ಲ. ಅಣ್ಣ ಫೋನ್ ಮಾಡಲಿಲ್ಲ, ಭಾನುವಾರ ನೇರವಾಗಿ ಮನೆಗೇ ಬಂದ. ಕೂರಲಿಲ್ಲ.

"ಸಮಾಧಾನ ಆಯ್ತಾ? ಮನೆಗೆ ನೀನೇ ಬೀಗ ಹಾಕಿದ ಹಾಗಾಯ್ತು!"

"ಬೀಗದ ವಿಷಯ ನಿನಗೇ ಗೊತ್ತು."

"ತಮಾಷೆ ಮಾಡ್ಬೇಡ. ಆ ತಾತನೂ ನೀನೂ ಸೇರ್ಕೊಂಡು ಇಡೀ ಊರಿನ ಬಾಯಿಗೆ ಮಣ್ಣು ಹಾಕಿದ್ರಿ. ಒಂದು ಸಲ, ಒಂದೇ ಒಂದು ಸಲ ನಮ್ಮೋರು ಅಂತ ಅನ್ನಿಸ್ಲಿಲ್ವಾ ನಿನಗೆ?"

"ಅನ್ನಿಸ್ಲಿಲ್ಲ ಅಣ್ಣ. ನಮ್ಮನೆಯವರು ಹೋದ ದಿನವೇ ಅದೆಲ್ಲ ಹೋಯ್ತು."

ಹಾಗೆಂದರೆ ಅವನು ಸುಮ್ಮನಾಗುತ್ತಾನೆಂದು ಗೊತ್ತಿತ್ತು. ಎಲ್ಲರೂ ಆಗುತ್ತಾರೆ. ಅವನು ಆಗಲಿಲ್ಲ.

"ಸುಳ್ಳು. ಭಾವನ ತಲೆಗೆ ಕಟ್ಟಬೇಡ ಅದನ್ನ. ನಿನಗೆ ಯಾವತ್ತೋ ಹೋಗಿತ್ತು. ಮದುವೆಗೆ ಮೂರು ವರ್ಷ ಮುಂಚೆ, ನೀನು ಎಂಎಸ್‌ಸಿ ಓದುವಾಗ, ಸೆಮಿಫೈನಲ್‌ಗೆ ಎರಡು ಟಿಕೆಟ್ ತಂದಿದ್ದೆ. ಹಾಸ್ಟೆಲ್ ಗೇಟಲ್ಲಿ ಒಂದು ಗಂಟೆ ಕಾದೆ. ನೀನು ಬಂದು ಏನಂದೆ ಗೊತ್ತಾ? 'ಜೇಡಿ ನೆನೆ ಹಾಕಿದೀನಿ ಅಣ್ಣ, ಹೇಗೆ ಅರಳುತ್ತೆ ಅಂತ ನೋಡ್ಬೇಕು, ಬಿಟ್ಟು ಬರೋಕಾಗಲ್ಲ.' ಕಣ್ಣು ಹೀಗೆ ಹೊಳೀತಿತ್ತು. ಪಕ್ಕದ ಕುರ್ಚಿ ಖಾಲಿ ಇಟ್ಕೊಂಡು ನೋಡಿದೆ ನಾನು."

ನೆನಪಾಯಿತು. ಪಂದ್ಯವಲ್ಲ, ಜೇಡಿ. ಗಾಜಿನ ಬೋಗುಣಿಯಲ್ಲಿ ಒಣ ಜೇಡಿಯ ಹೆಂಟೆ ನೀರು ಕುಡಿಯುತ್ತ, ಒಂದು ಅಂಚಿನಿಂದ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಅದರ ಮುಂದೆ ಮಧ್ಯಾಹ್ನವೆಲ್ಲ ಕೂತಿದ್ದೆ.

ಹಾಗಾದರೆ ಆ ಆಟದ ಹುಚ್ಚು ಸತ್ತಿರಲಿಲ್ಲ. ಕಾಲು ಬೆಳೆದು ಚಪ್ಪಲಿ ಹಿಡಿಯದಾದ ಹಾಗೆ ತಾನಾಗಿಯೇ ಹೋಗಿತ್ತು, ನಾನು ಬೇರೆ ಕಡೆ ನೋಡುತ್ತಿದ್ದಾಗ. ಸಾವು ನನ್ನಿಂದ ಒಯ್ದವುಗಳ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಂಡು ಹದಿನಾಲ್ಕು ತಿಂಗಳು ಕೂತಿದ್ದೆ. ಇನ್ನೇನೇನನ್ನು ಹಾಗೆ ಸೇರಿಸಿದ್ದೆನೋ.

"ಅವತ್ತು ಆಸ್ಪತ್ರೆ ಟಿವೀಲಿ ಬರ್ತಿದ್ದ ಫೈನಲ್ ಯಾರು ಗೆದ್ರು?" ಎಂದು ಕೇಳಿದೆ.

ಅಣ್ಣನ ಮುಖದಿಂದ ಸಿಟ್ಟು ಇಳಿಯಿತು. "ಸೋತ್ವಿ," ಎಂದ. "ಎಂಟು ರನ್ನಿಗೆ. ಆಗ ಎಲ್ಲರೂ ಕೂಗಿದ್ದು ಒಂದು ಸಿಕ್ಸರಿಗೆ."

"ಕೂತ್ಕೊ. ಟೀ ಮಾಡ್ತೀನಿ."

"ಸಕ್ಕರೆ ಜಾಸ್ತಿ ಹಾಕು. ಸಿಟ್ಟು ಇನ್ನೂ ಇದೆ."

ಪಿಚ್ಚು ಅಗೆಯುವ ದಿನ ತಾತ ನನ್ನನ್ನು ಕರೆದರು. ಸಿಟ್ಟಿನಲ್ಲಿದ್ದರೂ ಅಣ್ಣ ಜೊತೆಗೆ ಬಂದ, ಆದರೆ ಬೌಂಡರಿಯ ಹಗ್ಗದ ಆಚೆಯೇ ನಿಂತ. ಹೆಣ ನೋಡೋಕೆ ಒಳಗೆ ಬರಲ್ಲ ಎಂದ.

ನಾನು ಹಗ್ಗ ದಾಟಿದೆ. ಬಾಲ್ಯವೆಲ್ಲ ಗ್ಯಾಲರಿಯ ತುದಿಯಿಂದ ನೋಡಿದ ಜಾಗ. ಅಲ್ಲಿಂದ ಅದು ಹಸಿರಿನ ನಡುವೆ ಒಂದು ಬ್ಯಾಂಡೇಜ್ ಪಟ್ಟಿಯ ಹಾಗೆ ಕಾಣುತ್ತಿತ್ತು. ಕೆಲಸದವರು ಅದರ ಒಂದು ತುದಿಯಲ್ಲಿ ಮೊಣಕಾಲಾಳದ ಗುಂಡಿ ತೋಡಿದ್ದರು. ತಾತ ಗುಂಡಿಯ ಗೋಡೆಯನ್ನು ಚೂಪು ಸಲಿಕೆಯಿಂದ ಸವರಿ ನಯ ಮಾಡಿ, ಸೀಸೆಯಿಂದ ನೀರು ಚಿಮುಕಿಸಿದರು.

"ನೋಡಿ," ಎಂದರು.

ಮಂಡಿಯೂರಿದೆ. ನೀರು ಇಳಿಯುತ್ತಿದ್ದಂತೆ ಗೋಡೆಯಲ್ಲಿ ಗೆರೆಗಳು ಎದ್ದವು. ಒಂದರ ಮೇಲೊಂದು, ಪುಸ್ತಕದ ಹಾಳೆಗಳ ಹಾಗೆ. ಪ್ರತಿ ವರ್ಷ ಆಟ ಮುಗಿದ ಮೇಲೆ ಅವರು ಪಿಚ್ಚಿನ ಮೇಲೆ ಹೊಸ ಮಣ್ಣು ಹರಡುತ್ತಿದ್ದರು. ಪ್ರತಿ ವರ್ಷಕ್ಕೂ ಒಂದು ಪದರ, ಅರ್ಧ ಬೆರಳಿನ ದಪ್ಪ. ತಳದಲ್ಲಿ ಕೆರೆಯ ಮಣ್ಣಿನ ಕಪ್ಪು, ಮೇಲೆ ಬಂದಂತೆ ಕಂದು, ಬೂದಿ, ತಿಳಿ ಹಳದಿ. ಒಂದು ಪದರ ಉಳಿದವಕ್ಕಿಂತ ಕೆಂಪಗಿತ್ತು. ಕೆಲವು ಪದರಗಳ ಮೇಲೆ ಹುಲ್ಲಿನ ಬೇರು ಇಳಿಯಲಾರದೆ ಅಡ್ಡಡ್ಡ ಹರಿದು ಬಲೆ ನೇಯ್ದಿತ್ತು.

"ಇಲ್ಲೆಲ್ಲ ತಪ್ಪು ಮಾಡಿದೀನಿ, ಹಳೇದಕ್ಕೆ ಹೊಸದು ಅಂಟಿಲ್ಲ," ಎಂದು ತಾತ ಆ ಬಲೆಗಳನ್ನು ಒಂದೊಂದಾಗಿ ಮುಟ್ಟಿದರು. "ಈ ಕೆಂಪು ವರ್ಷ ಲಾರಿಯೋನು ಬೇರೆ ಮಣ್ಣು ಸುರಿದು ಹೋಗಿದ್ದ."

ಮೇಲಿನಿಂದ ಎಣಿಸಿಕೊಂಡು ಹೋದೆ. ಇಪ್ಪತ್ತೊಂದನೆಯದು ನನ್ನ ಒಂಬತ್ತನೆಯ ವಯಸ್ಸು. ಆ ವರ್ಷದ ಪ್ರತಿ ಪಂದ್ಯದ ಪ್ರತಿ ರನ್ನೂ ಒಂದು ಕಾಲದಲ್ಲಿ ನನಗೆ ಬಾಯಿಪಾಠವಿತ್ತು. ಈಗ ಒಂದು ಹೆಸರೂ ನಾಲಗೆಗೆ ಬರಲಿಲ್ಲ. ಅದು ಅಲ್ಲಿಯೇ ಇತ್ತು, ಕಂದು ಬಣ್ಣದ್ದು, ಮಟ್ಟಸವಾಗಿ. ಮೇಲಿನಿಂದ ಎರಡನೆಯದು ನನ್ನ ಗಂಡ ಹೋದ ವರ್ಷ. ದಪ್ಪದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರಲಿಲ್ಲ. ಒಂದು ಬೆರಳನ್ನು ಇದರ ಮೇಲೆ, ಇನ್ನೊಂದನ್ನು ಅದರ ಮೇಲೆ ಇಟ್ಟೆ. ನನ್ನ ಒಂದು ಕೈಗೇ ಎರಡೂ ಎಟುಕಿದವು.

ಬಿಸಿಲು ಬೆನ್ನಿಗೆ ಬಂದಿತ್ತು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಪಕ್ಕದಲ್ಲಿ ನೆರಳು ಬಿದ್ದಾಗ ನೋಡಿದರೆ ಅಣ್ಣ, ಶೂಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಹುಲ್ಲಿನ ಮೇಲೆ ಬರಿಗಾಲಲ್ಲಿ ಬಂದಿದ್ದ.

"ಇಪ್ಪತ್ತಾರು ವರ್ಷ," ಎಂದೆ. "ಇಲ್ಲಿಂದ ಇಲ್ಲಿಗೆ."

ಅವನು ಬಗ್ಗಿ ನೋಡಿದ. ಗೇಣಿಗಿಂತ ಕಡಿಮೆ.

"ಇಷ್ಟೇನಾ?" ಎಂದ.

"ಇಷ್ಟೊಂದು, ಅಣ್ಣ!" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಸಲಿಕೆ ಹಿಡಿದ ಕೆಲಸದವರು ತಿರುಗಿ ನೋಡಿದರು.

ಅಣ್ಣ ಶೂಗಳನ್ನು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಗೋಡೆ ಒಣಗಿ ಗೆರೆಗಳು ಮಸುಕಾಗುತ್ತಿದ್ದವು. ತಾತ ನೀರಿನ ಸೀಸೆಯನ್ನು ನನ್ನ ಕೈಗೆ ಕೊಟ್ಟರು.